ಸೆನೆಟ್ ಒಪ್ಪದ ದೇವರು: ನೈಲ್‌ನಲ್ಲಿ ಮುಳುಗಿದ ಆಂಟಿನೂಸ್

ರೋಮನ್ನರಲ್ಲಿ ಮನುಷ್ಯ ದೇವರಾಗುವುದಕ್ಕೆ ಒಂದು ಸರ್ಕಾರಿ ಕ್ರಮವಿತ್ತು. ಚಕ್ರವರ್ತಿ ಸತ್ತ ಮೇಲೆ ಸೆನೆಟ್ ಸಭೆ ಸೇರಿ ಅವನ ಬಗ್ಗೆ ತೀರ್ಮಾನಿಸುತ್ತಿತ್ತು. ಒಳ್ಳೆಯ ಹೆಸರು ಉಳಿಸಿಕೊಂಡಿದ್ದವನಾದರೆ, ಅಥವಾ ಮುಂದೆ ಪಟ್ಟಕ್ಕೆ ಬಂದವನಿಗೆ ಅದು ಬೇಕಾಗಿದ್ದರೆ, ಸತ್ತವನಿಗೆ ದೈವತ್ವ ಸಿಗುತ್ತಿತ್ತು. ಅವನಿಗೊಂದು ಗುಡಿ, ಪೂಜಾರಿಗಳು, ಉತ್ಸವದ ದಿನ ಎಲ್ಲವೂ ನಿಗದಿಯಾಗುತ್ತಿದ್ದವು. ಕ್ರಿ.ಶ. 14ರಲ್ಲಿ ಅಗಸ್ಟಸ್ ತೀರಿಕೊಂಡಾಗ, ಅವನು ಆಕಾಶಕ್ಕೇರಿದ್ದನ್ನು ಕಣ್ಣಾರೆ ಕಂಡೆ ಎಂದು ನ್ಯೂಮೀರಿಯಸ್ ಆಟಿಕಸ್ ಎಂಬ ಸೆನೆಟರ್ ಪ್ರಮಾಣ ಮಾಡಿದ. ಅದಕ್ಕಾಗಿ ಅಗಸ್ಟಸನ ಪತ್ನಿ ಲಿವಿಯಾ ಅವನಿಗೆ ಹತ್ತು ಲಕ್ಷ ಸೆಸ್ಟರ್ಸ್ ನಾಣ್ಯ ಕೊಟ್ಟಳೆಂದು ಇತಿಹಾಸಕಾರ ಕ್ಯಾಸಿಯಸ್ ಡಿಯೊ ಬರೆದಿದ್ದಾನೆ.

ಈ ಕ್ರಮದ ಹಂಗೇ ಇಲ್ಲದೆ ದೇವರಾದವನು ಆಂಟಿನೂಸ್. ಅವನು ರಾಜವಂಶದವನಲ್ಲ, ಸೇನಾನಿಯಲ್ಲ, ಯಾವ ಅಧಿಕಾರದ ಸ್ಥಾನದಲ್ಲೂ ಇದ್ದವನಲ್ಲ. ಕ್ರಿ.ಶ. 130ರಲ್ಲಿ ನೈಲ್ ನದಿಯಲ್ಲಿ ಮುಳುಗಿ ಸತ್ತಾಗ ಅವನಿಗೆ ಇಪ್ಪತ್ತರ ಆಸುಪಾಸು. ಚಕ್ರವರ್ತಿ ಹೇಡ್ರಿಯನ್‌ನ ಪ್ರೀತಿಪಾತ್ರ ಎಂಬುದೊಂದೇ ಅವನ ಗುರುತು. ಸೆನೆಟ್ ಅವನನ್ನು ದೇವರೆಂದು ಘೋಷಿಸಲಿಲ್ಲ, ರೋಮ್‌ನ ಟಂಕಸಾಲೆ ಅವನ ಹೆಸರಿನಲ್ಲಿ ಒಂದು ನಾಣ್ಯವನ್ನೂ ಹೊರಡಿಸಲಿಲ್ಲ. ಹಾಗಿದ್ದೂ ಕೆಲವೇ ವರ್ಷಗಳಲ್ಲಿ ಕಪ್ಪು ಸಮುದ್ರದ ದಂಡೆಯಿಂದ ಈಜಿಪ್ಟಿನವರೆಗೆ ಅವನಿಗೆ ಗುಡಿಗಳೆದ್ದವು, ಅವನ ಹೆಸರಿನ ಕ್ರೀಡೋತ್ಸವಗಳು ಶುರುವಾದವು. ಇಂದಿಗೂ ಉಳಿದಿರುವ ಅವನ ಶಿಲ್ಪಗಳು ನೂರರ ಸಮೀಪ ಇವೆ. ಪ್ರಾಚೀನ ರೋಮನ್ ಜಗತ್ತಿನವರ ಪೈಕಿ ಅಷ್ಟು ಮುಖಪ್ರತಿಮೆಗಳು ಉಳಿದಿರುವುದು ಅಗಸ್ಟಸ್, ಹೇಡ್ರಿಯನ್‌ರಂಥ ಬೆರಳೆಣಿಕೆಯ ಚಕ್ರವರ್ತಿಗಳಿಗೆ ಮಾತ್ರ.

ದುಃಖ ತಡೆಯಲಾರದ ಚಕ್ರವರ್ತಿ ಆಜ್ಞೆ ಹೊರಡಿಸಿದ, ಜನ ತಲೆಬಾಗಿ ಪೂಜಿಸಿದರು ಎಂದು ಈ ಕಥೆಯನ್ನು ಸಾಮಾನ್ಯವಾಗಿ ಹೇಳಿ ಮುಗಿಸುತ್ತಾರೆ. ನನಗೆ ಇದು ಅರ್ಧ ಮಾತು ಅನ್ನಿಸುತ್ತದೆ. ಹೇಡ್ರಿಯನ್ ಬಾಗಿಲು ತೆರೆದದ್ದು ನಿಜ. ಆದರೆ ಒಳಗೆ ಬಂದವರು ತಮ್ಮ ತಮ್ಮ ಬೇಡಿಕೆಗಳನ್ನು ಹೊತ್ತು ಬಂದರು. ಅವು ಏನಿದ್ದವು ಎಂದು ತಿಳಿಯದೆ ಈ ಪೂಜೆ ಅರ್ಥವಾಗುವುದಿಲ್ಲ.

ಹುಡುಗ ಮತ್ತು ಚಕ್ರವರ್ತಿ

ಆಂಟಿನೂಸ್ ಹುಟ್ಟಿದ್ದು ಬಿಥಿನಿಯಾ ಪ್ರಾಂತದ ಕ್ಲಾಡಿಯೊಪೊಲಿಸ್ ಪಟ್ಟಣದ ಸೀಮೆಯಲ್ಲಿ. ಇಂದಿನ ಟರ್ಕಿಯಲ್ಲಿ, ಇಸ್ತಾಂಬುಲ್ ಮತ್ತು ಅಂಕಾರಾ ನಡುವೆ ಇರುವ ಬೋಲು ಎಂಬ ಊರೇ ಅದು. ಗುಡ್ಡ, ಕಾಡು, ದನಕರುಗಳ ನಾಡು. ಹುಟ್ಟಿದ ವರ್ಷವನ್ನು ಯಾರೂ ಬರೆದಿಟ್ಟಿಲ್ಲ. ಶಿಲ್ಪಗಳಲ್ಲಿ ಕಾಣುವ ವಯಸ್ಸನ್ನು ನೋಡಿ 110ರಿಂದ 112ರ ನಡುವೆ ಎಂದು ಅಂದಾಜಿಸುತ್ತಾರೆ. ಹುಟ್ಟಿದ ದಿನ ಮಾತ್ರ ಗೊತ್ತು, ನವೆಂಬರ್ 27. ಅದು ಗೊತ್ತಾದ ಬಗೆ ಮುಂದೆ ಬರುತ್ತದೆ. ತಂದೆತಾಯಿಯ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಅವನು ಆಡಿದ್ದೆನ್ನಲಾದ ಒಂದು ಮಾತು ಕೂಡ ನಮಗೆ ಉಳಿದು ಬಂದಿಲ್ಲ.

ಹೇಡ್ರಿಯನ್ ಬಗ್ಗೆ ತಿಳಿದಿರುವುದು ಬೇಕಾದಷ್ಟಿದೆ. 76ರಲ್ಲಿ ಹುಟ್ಟಿ, 117ರಲ್ಲಿ ಪಟ್ಟಕ್ಕೇರಿ, 138ರವರೆಗೆ ಆಳಿದವನು. ಬ್ರಿಟನ್ನಿನ ಉತ್ತರ ಗಡಿಯ ಗೋಡೆ ಅವನ ಕಾಲದ್ದು, ರೋಮ್‌ನಲ್ಲಿ ಇಂದು ಕಾಣುವ ಪ್ಯಾಂಥಿಯನ್ ಅವನ ಆಳ್ವಿಕೆಯಲ್ಲಿ ಪೂರ್ಣಗೊಂಡದ್ದು. ತನ್ನ ಇಪ್ಪತ್ತೊಂದು ವರ್ಷದ ಆಳ್ವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲವನ್ನು ಇಟಲಿಯ ಹೊರಗೆ, ಪ್ರಾಂತಗಳ ಪ್ರವಾಸದಲ್ಲಿ ಕಳೆದ. ಗ್ರೀಕ್ ಕಾವ್ಯ, ಶಿಲ್ಪ, ತತ್ವಶಾಸ್ತ್ರಗಳ ಹುಚ್ಚು ಎಷ್ಟಿತ್ತೆಂದರೆ ಅವನನ್ನು 'ಪುಟ್ಟ ಗ್ರೀಕ' ಎಂದು ಕರೆಯುತ್ತಿದ್ದರಂತೆ. ಹೆಂಡತಿ ವಿಬಿಯಾ ಸಬೀನಾ, ಹಿಂದಿನ ಚಕ್ರವರ್ತಿ ಟ್ರೇಜನ್‌ನ ಸೋದರಿಯ ವಂಶದವಳು. ಅವರಿಗೆ ಮಕ್ಕಳಿರಲಿಲ್ಲ. 123–24ರ ಸುಮಾರಿಗೆ ಹೇಡ್ರಿಯನ್ ಬಿಥಿನಿಯಾದಲ್ಲಿ ಸಂಚರಿಸಿದ್ದ. ಹುಡುಗ ಅವನ ಕಣ್ಣಿಗೆ ಬಿದ್ದದ್ದು ಆಗಲೇ ಇರಬೇಕೆಂಬುದು ಬಹಳಷ್ಟು ವಿದ್ವಾಂಸರ ಊಹೆ.

ಇಬ್ಬರ ಸಂಬಂಧ ಆ ಕಾಲದವರಿಗೆ ಗುಟ್ಟೇನೂ ಆಗಿರಲಿಲ್ಲ. ವಯಸ್ಕನೊಬ್ಬ ತರುಣನನ್ನು ಪ್ರೀತಿಸಿ ಅವನ ಶಿಕ್ಷಣದ ಹೊಣೆ ಹೊರುವ ರೂಢಿ ಗ್ರೀಕ್ ಸಮಾಜದ ಮೇಲ್ವರ್ಗದಲ್ಲಿ ಮೊದಲಿನಿಂದ ಇತ್ತು. ಹುಡುಗನಿಗೆ ಗಡ್ಡ ಮೂಡಿದರೆ ಆ ಸಂಬಂಧ ಮುಗಿಯಬೇಕೆಂಬ ನಿಯಮವೂ ಇತ್ತು. ಹೇಡ್ರಿಯನ್ ಗ್ರೀಕ್ ಆದರ್ಶದ ಪ್ರಕಾರವೇ ಬದುಕುತ್ತಿದ್ದೇನೆ ಎಂದುಕೊಂಡಿರಬಹುದು. ಆದರೆ ಒಬ್ಬನ ಕೈಯಲ್ಲಿ ಇಡೀ ಸಾಮ್ರಾಜ್ಯವಿತ್ತು, ಇನ್ನೊಬ್ಬ ಊರು ಬಿಟ್ಟು ಬಂದ ಹದಿಹರೆಯದವನು. ಅಲ್ಲಿ ಒಲ್ಲೆ ಎನ್ನುವ ಅವಕಾಶ ಆಂಟಿನೂಸ್‌ಗೆ ಎಷ್ಟಿತ್ತು? ಇದನ್ನು ಬರೀ ಅಮರ ಪ್ರೇಮಕಥೆಯಾಗಿ ಬಣ್ಣಿಸುವವರು ಈ ಪ್ರಶ್ನೆಯನ್ನು ದಾಟಿ ಹೋಗುತ್ತಾರೆ. ಅದು ಸರಿಯಲ್ಲ. ನಮಗೆ ಸಿಕ್ಕಿರುವುದೆಲ್ಲ ಹೇಡ್ರಿಯನ್‌ನ ದುಃಖ, ಹೇಡ್ರಿಯನ್‌ನ ಕಲ್ಲು, ಹೇಡ್ರಿಯನ್‌ನ ಮಾತು.

ಬದುಕಿದ್ದಾಗಿನ ಆಂಟಿನೂಸ್ ನಮಗೆ ಕಾಣಸಿಗುವ ಒಂದೇ ಒಂದು ಘಟನೆ ಸಿಂಹದ ಬೇಟೆ. ಉತ್ತರ ಆಫ್ರಿಕಾದಲ್ಲಿ ಜನರನ್ನು ಕಾಡುತ್ತಿದ್ದ ಸಿಂಹವೊಂದನ್ನು ಇಬ್ಬರೂ ಬೆನ್ನಟ್ಟಿದರು. ಅಲೆಕ್ಸಾಂಡ್ರಿಯಾದ ಕವಿ ಪ್ಯಾಂಕ್ರಟೀಸ್ ಇದನ್ನು ಕಾವ್ಯವಾಗಿಸಿದ. ಸಾಯುತ್ತಿದ್ದ ಸಿಂಹದ ನೆತ್ತರು ಬಿದ್ದ ನೆಲದಿಂದ ಕೆಂದಾವರೆ ಹುಟ್ಟಿತು, ಅದಕ್ಕೆ ಆಂಟಿನೂಸನ ಹೆಸರಿಡಬೇಕು ಎಂದು ಅವನು ಚಕ್ರವರ್ತಿಗೆ ಹೇಳಿದ. ಹೇಡ್ರಿಯನ್ ಮೆಚ್ಚಿ, ಅಲೆಕ್ಸಾಂಡ್ರಿಯಾದ ವಿದ್ವತ್ಪೀಠದಲ್ಲಿ ಅವನಿಗೆ ಊಟದ ವ್ಯವಸ್ಥೆ ಮಾಡಿಸಿಕೊಟ್ಟ.

ಆ ಕಾವ್ಯದ ಒಂದು ತುಂಡು ಪಪೈರಸ್ ಹಾಳೆಯಲ್ಲಿ ಸಿಕ್ಕಿದ್ದು ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಪ್ರಾಚೀನ ಕಸದ ಗುಡ್ಡೆಗಳಲ್ಲಿ. ಈ ಊರಿನ ಹೆಸರು ಕನ್ನಡಿಗರಿಗೆ ಹೊಸದಲ್ಲ. ಭಾರತದ ಕರಾವಳಿಯಲ್ಲಿ ನಡೆಯುವ ಕಥೆಯುಳ್ಳ ಗ್ರೀಕ್ ಪ್ರಹಸನ, ಅದರೊಳಗೆ ಕನ್ನಡ ಮಾತುಗಳಿವೆಯೇ ಎಂದು ಹುಲ್ಷ್, ಶಾಮಶಾಸ್ತ್ರಿ, ಗೋವಿಂದ ಪೈ ಅವರ ಕಾಲದಿಂದ ಚರ್ಚೆಯಾಗುತ್ತಿರುವ ಆ ಪ್ರಹಸನ, ಸಿಕ್ಕಿದ್ದು ಇದೇ ಗುಡ್ಡೆಗಳಲ್ಲಿ. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಆಕ್ಸ್‌ಫರ್ಡ್ ವಿದ್ವಾಂಸರು ಅಗೆದು ತೆಗೆದ ರಾಶಿಯಲ್ಲಿ ಪ್ರಹಸನದ ಸಂಖ್ಯೆ 413, ಸಿಂಹಬೇಟೆಯದು 1085. ಪ್ರಹಸನದ ಹಾಳೆಯೂ ಕ್ರಿ.ಶ. ಎರಡನೆಯ ಶತಮಾನದ್ದೇ. ಅದರಲ್ಲಿರುವುದು ಕನ್ನಡವೇ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ.

130ರ ಅಕ್ಟೋಬರ್

ಹೇಡ್ರಿಯನ್, ಸಬೀನಾ, ಆಂಟಿನೂಸ್ ಮತ್ತು ದೊಡ್ಡ ಪರಿವಾರ ನೈಲ್ ನದಿಯಲ್ಲಿ ದೋಣಿಗಳ ಮೇಲೆ ದಕ್ಷಿಣಕ್ಕೆ ಸಾಗುತ್ತಿತ್ತು. ಹರ್ಮೊಪೊಲಿಸ್ ನಗರದ ಎದುರು ದಂಡೆಯ ಬಳಿ ಆಂಟಿನೂಸ್ ನೀರುಪಾಲಾದ.

ಅವನು ನೈಲ್‌ಗೆ ಬಿದ್ದ ಎಂದಷ್ಟೇ ಹೇಡ್ರಿಯನ್ ತನ್ನ ಆತ್ಮಕಥೆಯಲ್ಲಿ ಬರೆದ. ಆ ಆತ್ಮಕಥೆ ಈಗಿಲ್ಲ, ಈ ಮಾತನ್ನು ಡಿಯೊ ಉಲ್ಲೇಖಿಸಿರುವುದರಿಂದ ಉಳಿದಿದೆ. ಉಲ್ಲೇಖಿಸಿದ ಬೆನ್ನಿಗೇ ಡಿಯೊ ಇದನ್ನು ಅಲ್ಲಗಳೆಯುತ್ತಾನೆ. ಹೇಡ್ರಿಯನ್‌ಗೆ ಶಕುನ, ಮಾಟಮಂತ್ರಗಳಲ್ಲಿ ವಿಪರೀತ ಆಸಕ್ತಿಯಿತ್ತು, ಯಾವುದೋ ಉದ್ದೇಶಕ್ಕೆ ತಾನಾಗಿ ಒಪ್ಪಿ ಕೊಡುವ ಪ್ರಾಣವೊಂದು ಬೇಕಿತ್ತು, ಹುಡುಗ ಬಲಿಯಾದ ಎಂಬುದು ಡಿಯೊನ ವಾದ. ನಾಲ್ಕನೆಯ ಶತಮಾನದ ಆರೇಲಿಯಸ್ ವಿಕ್ಟರ್ ಇದನ್ನೇ ಇನ್ನಷ್ಟು ಬೆಳೆಸಿ, ಚಕ್ರವರ್ತಿಯ ಆಯುಷ್ಯ ಹೆಚ್ಚಿಸಲು ಬೇರೊಬ್ಬ ಸಾಯಬೇಕೆಂದು ಮಾಂತ್ರಿಕರು ಹೇಳಿದಾಗ ಮುಂದೆ ಬಂದವನು ಆಂಟಿನೂಸ್ ಒಬ್ಬನೇ ಎನ್ನುತ್ತಾನೆ. ಚಕ್ರವರ್ತಿಗಳ ಜೀವನಚರಿತ್ರೆಗಳ ಇನ್ನೊಂದು ತಡವಾದ ಸಂಕಲನ ಹಲವು ವದಂತಿಗಳನ್ನು ದಾಖಲಿಸಿ, ಹೇಡ್ರಿಯನ್ ಹೆಂಗಸಿನಂತೆ ಅತ್ತ ಎಂದು ಕುಟುಕುತ್ತದೆ.

ಇವರಲ್ಲಿ ಡಿಯೊ ಬರೆದದ್ದೇ ಘಟನೆ ನಡೆದು ಎಂಬತ್ತು ತೊಂಬತ್ತು ವರ್ಷಗಳ ಮೇಲೆ, ಉಳಿದವರು ಇನ್ನೂರು ವರ್ಷ ದಾಟಿದ ಮೇಲೆ. ಕಾಲ ದೂರವಾದಷ್ಟೂ ವಿವರ ಹೆಚ್ಚುತ್ತಾ ಹೋಗಿದೆ. ಹಾಗಾಗಿ ನಾನು ಈ ಬಲಿಯ ಕಥೆಗಳಿಗೆ ಹೆಚ್ಚು ಬೆಲೆ ಕೊಡುವುದಿಲ್ಲ. ಅಕ್ಟೋಬರ್‌ನಲ್ಲಿ ನೆರೆ ಪೂರ್ತಿ ಇಳಿಯದ ನೈಲ್‌ನಲ್ಲಿ ದೋಣಿಯಿಂದ ಬಿದ್ದ ಒಬ್ಬ ಮುಳುಗುವುದಕ್ಕೆ ಮಾಂತ್ರಿಕರ ನೆರವು ಬೇಕಿಲ್ಲ. ಆದರೂ ಸತ್ಯ ಏನೇ ಇರಲಿ, ಒಡೆಯನಿಗಾಗಿ ಪ್ರಾಣ ಕೊಟ್ಟವನು ಎಂಬ ನಂಬಿಕೆ ಪೂಜೆಗೆ ಬಲ ಕೊಟ್ಟಿತು.

ಮೂರು ವಾರಗಳ ನಂತರ, ನವೆಂಬರ್‌ನಲ್ಲಿ, ಚಕ್ರವರ್ತಿಯ ಪರಿವಾರ ಥೀಬ್ಸ್‌ನ ಮೆಮ್ನಾನ್ ವಿಗ್ರಹದ ಮುಂದೆ ನಿಂತಿತ್ತು. ಬೆಳಗಿನ ಜಾವ ನಾದ ಹೊಮ್ಮಿಸುತ್ತಿದ್ದ ಈ ಬೃಹತ್ ಪ್ರತಿಮೆಯನ್ನು ನೋಡಲು ದೂರದೂರದಿಂದ ಜನ ಬರುತ್ತಿದ್ದರು. ಸಬೀನಾಳ ಜೊತೆಗಿದ್ದ ಕವಯಿತ್ರಿ ಜೂಲಿಯಾ ಬಾಲ್ಬಿಲ್ಲಾ ಬರೆದ ನಾಲ್ಕು ಪದ್ಯಗಳನ್ನು ಪ್ರತಿಮೆಯ ಕಾಲಿನ ಮೇಲೆ ಕೆತ್ತಲಾಗಿದೆ, ಇಂದಿಗೂ ಓದಬಹುದು. ಹೇಡ್ರಿಯನ್ ಬಂದದ್ದು, ಸಬೀನಾ ನಾದ ಕೇಳಿದ್ದು ಎಲ್ಲ ಅದರಲ್ಲಿದೆ. ಆಂಟಿನೂಸನ ಸುದ್ದಿಯೇ ಇಲ್ಲ.

ಈಜಿಪ್ಟ್ ಕೊಟ್ಟ ದೈವತ್ವ

ಈ ಸಾವು ಟೈಬರ್ ನದಿಯಲ್ಲೋ ರೈನ್ ನದಿಯಲ್ಲೋ ಸಂಭವಿಸಿದ್ದರೆ ಆಂಟಿನೂಸ್ ದೇವರಾಗುತ್ತಿದ್ದನೇ ಎಂಬುದು ಅನುಮಾನ. ನೈಲ್‌ನಲ್ಲಿ ಮುಳುಗಿ ಸಾಯುವುದಕ್ಕೆ ಈಜಿಪ್ಟಿನವರ ಲೆಕ್ಕದಲ್ಲಿ ಬೇರೆಯೇ ಅರ್ಥವಿತ್ತು. ಅವರ ಪುರಾಣದಲ್ಲಿ ಒಸೈರಿಸ್ ದೇವನೂ ಕೊಲೆಯಾಗಿ ನೈಲ್ ಪಾಲಾದವನು, ಪತ್ನಿ ಐಸಿಸ್‌ಳ ಪ್ರಯತ್ನದಿಂದ ಮತ್ತೆ ಜೀವ ತಳೆದು ಸತ್ತವರ ಲೋಕದ ದೊರೆಯಾದವನು. ನೈಲ್‌ನಲ್ಲಿ ಮುಳುಗಿದವನು ಅವನ ದಾರಿಯಲ್ಲೇ ಹೋದಂತೆ. ಇದಕ್ಕೂ ಆರು ಶತಮಾನ ಮುಂಚೆ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ: ನೈಲ್‌ನಲ್ಲಿ ಮುಳುಗಿದವನ ಅಥವಾ ಮೊಸಳೆಗೆ ಸಿಕ್ಕವನ ದೇಹವನ್ನು ಬಂಧುಗಳೂ ಮುಟ್ಟುವಂತಿಲ್ಲ, ನೈಲ್‌ನ ಪೂಜಾರಿಗಳೇ ತಮ್ಮ ಕೈಯಾರೆ ಸಂಸ್ಕಾರ ಮಾಡಬೇಕು, ಏಕೆಂದರೆ ಅವನು ಮನುಷ್ಯರಿಗಿಂತ ಮೇಲಿನವನಾಗಿದ್ದಾನೆ.

ಇದು ಬರೀ ಕಥೆಯಾಗಿರಲಿಲ್ಲ, ಆಚರಣೆಯಲ್ಲಿತ್ತು. ದಕ್ಷಿಣದ ನೂಬಿಯಾದಲ್ಲಿ ಪೆಡೆಸಿ ಮತ್ತು ಪಿಹೊರ್ ಎಂಬ ಅಣ್ಣತಮ್ಮಂದಿರು ದೇವರಾಗಿ ಪೂಜೆಗೊಂಡಿದ್ದರು. ಅವರೂ ನೈಲ್‌ನಲ್ಲಿ ಮುಳುಗಿ ಸತ್ತವರಿರಬೇಕೆಂದು ತಜ್ಞರು ಭಾವಿಸುತ್ತಾರೆ. ಐಸಿಸ್ ಜೊತೆಗೆ ಅವರನ್ನೂ ಪೂಜಿಸಲು ಅಗಸ್ಟಸ್ ಕಾಲದಲ್ಲಿ ಕಟ್ಟಿದ ಡೆಂಡೂರ್ ದೇವಾಲಯ ಈಗ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅಸ್ವಾನ್ ಅಣೆಕಟ್ಟೆಯ ನೀರಿನಿಂದ ಉಳಿಸಿ, ಅಮೆರಿಕಕ್ಕೆ ಕೊಡುಗೆಯಾಗಿ ಕೊಟ್ಟ ದೇವಾಲಯ ಅದು.

ಹೀಗಾಗಿ ಈಜಿಪ್ಟಿನ ಪುರೋಹಿತರಿಗೆ ಆಂಟಿನೂಸನನ್ನು ದೇವರಾಗಿಸಲು ಹೊಸದೇನನ್ನೂ ಕಂಡುಹಿಡಿಯಬೇಕಿರಲಿಲ್ಲ. ಅವನು ಒಸೈರಿಸ್-ಆಂಟಿನೂಸ್ ಆದ. ಗ್ರೀಕರಿಗೂ ಕಷ್ಟವಿರಲಿಲ್ಲ. ಊರು ಸ್ಥಾಪಿಸಿದವರು, ಅಸಾಧಾರಣ ಕ್ರೀಡಾಪಟುಗಳು, ಅಕಾಲದಲ್ಲಿ ಸತ್ತ ವೀರರು ಇವರನ್ನೆಲ್ಲ ಸಮಾಧಿಯ ಬಳಿ ಪೂಜಿಸುವ ಪರಂಪರೆ ಅವರಲ್ಲಿ ಹಳೆಯದು. ಅವರು ಅವನನ್ನು ಡಯೊನೈಸಸ್ ಆಗಿ, ಹರ್ಮೀಸ್ ಆಗಿ ಕಂಡರು. ಡಯೊನೈಸಸ್ ದ್ರಾಕ್ಷಿಯ ದೇವರು, ಸತ್ತು ಮತ್ತೆ ಹುಟ್ಟುವವನು. ಗ್ರೀಕರು ಅವನನ್ನು ಒಸೈರಿಸ್‌ನೊಂದಿಗೆ ಮೊದಲಿನಿಂದಲೂ ಒಂದಾಗಿ ಕಾಣುತ್ತಿದ್ದರು. ಹೀಗೆ ಎರಡು ಪುರಾಣಗಳ ನಡುವೆ ಸಿದ್ಧವಾಗಿದ್ದ ದಾರಿಯಲ್ಲಿ ಹೊಸ ದೇವರು ನಡೆದುಬಂದ.

ಹೇಡ್ರಿಯನ್ ತಡಮಾಡಲಿಲ್ಲ. 130ರ ಅಕ್ಟೋಬರ್ 30ರಂದು, ಸಾವು ಸಂಭವಿಸಿದ ಜಾಗದ ಬಳಿಯೇ ಆಂಟಿನೂಪೊಲಿಸ್ ನಗರದ ಸ್ಥಾಪನೆಯನ್ನು ಘೋಷಿಸಿದ. ಇದು ಸಮಾಧಿಯೂರಾಗಿ ಉಳಿಯದೆ ನಿಜವಾದ ನಗರವಾಗಲಿ ಎಂಬುದು ಅವನ ಉದ್ದೇಶವಾಗಿತ್ತು. ಟಾಲೆಮೈಸ್, ಫಯೂಮ್ ಪ್ರದೇಶಗಳಿಂದ ಗ್ರೀಕ್ ಕುಟುಂಬಗಳನ್ನು ಕರೆಸಿ ನೆಲೆಗೊಳಿಸಿದ. ಬಂದವರಿಗೆ ಹಲವು ತೆರಿಗೆಗಳಿಂದ, ಬೇರೆ ಊರಿನ ಕಡ್ಡಾಯ ಸೇವೆಗಳಿಂದ ವಿನಾಯಿತಿ. ಮಕ್ಕಳ ಪಾಲನೆಗೆ ನಿಧಿ. ಈಜಿಪ್ಟಿನವರೊಂದಿಗೆ ಮದುವೆಯಾದರೂ ನಾಗರಿಕ ಹಕ್ಕು ಉಳಿಯುತ್ತಿತ್ತು. ಬೇರೆ ಗ್ರೀಕ್ ನಗರಗಳಲ್ಲಿ ಇಂಥ ಅವಕಾಶ ಸಿಗುವುದು ಕಷ್ಟವಿತ್ತು. ನಾಗರಿಕರನ್ನು ಹತ್ತು ಕುಲಗಳಾಗಿ ವಿಂಗಡಿಸಿ, ಅದರಲ್ಲೊಂದಕ್ಕೆ ಒಸೈರಿಸ್-ಆಂಟಿನೂಸನ ಹೆಸರನ್ನೇ ಇಟ್ಟರು. 137ರಲ್ಲಿ ಇಲ್ಲಿಂದ ಮರುಭೂಮಿ ದಾಟಿ ಕೆಂಪು ಸಮುದ್ರದ ಬೆರೆನಿಕೆ ಬಂದರಿಗೆ ಹೋಗುವ ಹೊಸ ಹೆದ್ದಾರಿ, ನೀರಿನ ತೊಟ್ಟಿಗಳು ಮತ್ತು ಕಾವಲು ಠಾಣೆಗಳೊಂದಿಗೆ, ಸಿದ್ಧವಾಯಿತು. ನಮ್ಮ ಪಶ್ಚಿಮ ಕರಾವಳಿಯಿಂದ ಮೆಣಸು ಹೊತ್ತು ಬರುತ್ತಿದ್ದ ಹಡಗುಗಳು ತಂಗುತ್ತಿದ್ದ ಬಂದರು ಬೆರೆನಿಕೆ.

ಊರುಗಳ ಪೈಪೋಟಿ

ಉಳಿದ ಕಡೆ ಪೂಜೆ ಹಬ್ಬಿದ್ದರಲ್ಲಿ ಭಕ್ತಿಯೂ ಇತ್ತು, ಲೆಕ್ಕಾಚಾರವೂ ಇತ್ತು. ಗ್ರೀಕ್ ಭಾಷೆಯ ಪೂರ್ವ ಪ್ರಾಂತಗಳಲ್ಲಿ ಮೂವತ್ತಕ್ಕೂ ಹೆಚ್ಚು ನಗರಗಳು ಆಂಟಿನೂಸನ ಮುಖವುಳ್ಳ ನಾಣ್ಯಗಳನ್ನು ಹೊರಡಿಸಿದವು. ಚಕ್ರವರ್ತಿಯ ಮನಸ್ಸು ಗೆದ್ದರೆ ತೆರಿಗೆ ರಿಯಾಯಿತಿ, ಹೊಸ ಸ್ನಾನಗೃಹ, ನೀರಿನ ಕಾಲುವೆ ಸಿಗಬಹುದಿತ್ತು. ಪಕ್ಕದ ಊರು ಗುಡಿ ಕಟ್ಟಿದರೆ ಈ ಊರು ಸುಮ್ಮನಿರುವುದು ಹೇಗೆ? ಹುಟ್ಟೂರು ಮಾತ್ರ ತನ್ನ ನಾಣ್ಯದಲ್ಲಿ ಹೆಮ್ಮೆಯಿಂದ 'ಆಂಟಿನೂಸ್ ದೇವನಿಗೆ ಅವನ ತಾಯ್ನಾಡು' ಎಂದು ಕೆತ್ತಿಸಿತು. ಈ ಸಾಲಿನಲ್ಲಿ ನನಗೆ ಲೆಕ್ಕಾಚಾರಕ್ಕಿಂತ ಮಮತೆಯೇ ಕಾಣುತ್ತದೆ.

ಗ್ರೀಸಿನ ಆರ್ಕೇಡಿಯಾ ಪ್ರದೇಶದ ಮ್ಯಾಂಟಿನಿಯಾದ ಕಥೆ ಸ್ವಾರಸ್ಯವಾಗಿದೆ. ಆಂಟಿನೂಸನ ಹುಟ್ಟೂರಿನವರ ಪೂರ್ವಜರು ಮ್ಯಾಂಟಿನಿಯಾದಿಂದ ವಲಸೆ ಹೋದವರೆಂಬ ಪ್ರತೀತಿಯಿತ್ತು. ಅದನ್ನೇ ಹಿಡಿದು ಮ್ಯಾಂಟಿನಿಯಾದವರು ಆಂಟಿನೂಸನನ್ನು ತಮ್ಮ ವಂಶದವನೆಂದು ಸ್ವೀಕರಿಸಿದರು. ಎರಡನೆಯ ಶತಮಾನದ ಪ್ರವಾಸಿ ಪಾಸೇನಿಯಸ್ ಅಲ್ಲಿಗೆ ಹೋದಾಗ ಊರಿನ ಅತಿ ಹೊಸ ದೇವಾಲಯ ಆಂಟಿನೂಸನದಾಗಿತ್ತು. ಪ್ರತಿ ವರ್ಷ ಅವನ ಗುಪ್ತ ಆಚರಣೆಗಳು, ನಾಲ್ಕು ವರ್ಷಕ್ಕೊಮ್ಮೆ ಕ್ರೀಡಾಕೂಟ ನಡೆಯುತ್ತಿದ್ದವು. ವ್ಯಾಯಾಮಶಾಲೆಯ ಒಂದು ಕೋಣೆಯ ತುಂಬ ಅವನ ಪ್ರತಿಮೆಗಳು ಮತ್ತು ಚಿತ್ರಗಳಿದ್ದವು, ಹೆಚ್ಚಿನವು ಡಯೊನೈಸಸ್ ರೂಪದವು. ಬದುಕಿದ್ದಾಗ ಅವನನ್ನು ನಾನು ಕಂಡವನಲ್ಲ, ಪ್ರತಿಮೆ ಮತ್ತು ಚಿತ್ರಗಳಲ್ಲಿ ಕಂಡಿದ್ದೇನೆ ಎಂದು ಪಾಸೇನಿಯಸ್ ಹೇಳುತ್ತಾನೆ.

ಬಡವರ ಸಂಘದ ದೇವರು

ಇಲ್ಲಿಯವರೆಗಿನದು ದೊಡ್ಡವರ ವ್ಯವಹಾರ. ಈ ಪೂಜೆಯ ಒಳಹೊಕ್ಕು ನೋಡಲು ನನಗೆ ಎಲ್ಲಕ್ಕಿಂತ ಉಪಯುಕ್ತ ಅನ್ನಿಸುವುದು 1816ರಲ್ಲಿ ಸಿಕ್ಕ ಒಂದು ಅಮೃತಶಿಲೆಯ ಶಾಸನ. ರೋಮ್‌ನ ದಕ್ಷಿಣಕ್ಕಿರುವ ಲನೂವಿಯಂ ಎಂಬ ಚಿಕ್ಕ ಊರಿನದು. ಅಲ್ಲಿ 133ರ ಜನವರಿ 1ರಂದು 'ಡಯಾನಾ ಮತ್ತು ಆಂಟಿನೂಸನ ಆರಾಧಕರು' ಎಂಬ ಸಂಘ ಹುಟ್ಟಿತು. ಡಯಾನಾ ರೋಮನ್ನರ ಬೇಟೆಯ ದೇವತೆ. 136ರ ಜೂನ್‌ನಲ್ಲಿ ಆಂಟಿನೂಸನ ಗುಡಿಯಲ್ಲಿ ಸಭೆ ಸೇರಿ ಸಂಘದ ನಿಯಮಾವಳಿಯನ್ನು ಕಲ್ಲಿನಲ್ಲಿ ಕೆತ್ತಿಸಲು ತೀರ್ಮಾನಿಸಿತು.

ಇದು ಶವಸಂಸ್ಕಾರದ ಸಂಘ. ಸದಸ್ಯನಾಗಲು 100 ಸೆಸ್ಟರ್ಸ್ ಮತ್ತು ಒಂದು ಹೂಜಿ ಒಳ್ಳೆಯ ದ್ರಾಕ್ಷಾರಸ ಕೊಡಬೇಕು. ಆಮೇಲೆ ತಿಂಗಳಿಗೆ 5 ಆಸ್, ಅಂದರೆ ಒಂದೂಕಾಲು ಸೆಸ್ಟರ್ಸ್. ಸದಸ್ಯ ಸತ್ತರೆ ಸಂಘ 300 ಸೆಸ್ಟರ್ಸ್ ಖರ್ಚು ಮಾಡುತ್ತದೆ. ಅದರಲ್ಲಿ 50ನ್ನು ಚಿತೆಯ ಬಳಿ ಬಂದವರಿಗೆ ಹಂಚಬೇಕು. ಊರಿನಿಂದ ಇಪ್ಪತ್ತು ಮೈಲಿಗಿಂತ ದೂರದಲ್ಲಿ ಸತ್ತ ಸುದ್ದಿ ಬಂದರೆ ಮೂವರು ಸದಸ್ಯರು ಹೋಗಿ ಸಂಸ್ಕಾರ ನೋಡಿಕೊಳ್ಳಬೇಕು, ಆಮೇಲೆ ಮೋಸವಿಲ್ಲದ ಲೆಕ್ಕ ಕೊಡಬೇಕು. ಆತ್ಮಹತ್ಯೆ ಮಾಡಿಕೊಂಡವರಿಗೆ ಹಣವಿಲ್ಲ.

ಸದಸ್ಯರಲ್ಲಿ ಗುಲಾಮರೂ ಇದ್ದರು. ಗುಲಾಮ ಸತ್ತಾಗ ಒಡೆಯ ಹಟದಿಂದ ದೇಹ ಕೊಡದಿದ್ದರೆ ಏನು ಮಾಡಬೇಕು ಎಂಬುದಕ್ಕೂ ನಿಯಮವಿದೆ: ಅವನ ಪ್ರತಿಕೃತಿಯನ್ನು ಇಟ್ಟು ಸಂಸ್ಕಾರ ನಡೆಸಬೇಕು. ಗುಲಾಮನಿಗೆ ಸ್ವಾತಂತ್ರ್ಯ ಸಿಕ್ಕಿದರೆ ಸಂಘಕ್ಕೆ ಒಂದು ಹೂಜಿ ದ್ರಾಕ್ಷಾರಸ ಕೊಡಬೇಕು. ವರ್ಷದಲ್ಲಿ ನಿಗದಿತ ದಿನಗಳಂದು ಸಹಪಂಕ್ತಿ ಊಟ, ತಲೆಗೆ ನಾಲ್ಕು ಸಾರ್ಡೀನ್ ಮೀನು ಮತ್ತು ರೊಟ್ಟಿ. ಊಟದ ದಿನ ಜಗಳ ಬೇಡ, ದೂರುಗಳಿದ್ದರೆ ವ್ಯವಹಾರದ ಸಭೆಯಲ್ಲಿ ಹೇಳಿ ಎಂದು ಶಾಸನ ಬೇಡಿಕೊಳ್ಳುತ್ತದೆ. ಗಲಾಟೆಗಾಗಿ ಒಂದು ಜಾಗದಿಂದ ಇನ್ನೊಂದಕ್ಕೆ ಹೋದರೆ 4 ಸೆಸ್ಟರ್ಸ್ ದಂಡ, ಬೈದಾಡಿದರೆ 12. ಊರಿನ ಪೋಷಕ ಲೂಸಿಯಸ್ ಸೀಸೆನಿಯಸ್ ರೂಫಸ್ 15,000 ಸೆಸ್ಟರ್ಸ್ ದತ್ತಿಯ ಬಡ್ಡಿಯನ್ನು ಸಂಘಕ್ಕೆ ಕೊಡುವ ವಾಗ್ದಾನ ಮಾಡಿದ್ದ. ಅದರಲ್ಲಿ 400 ಸೆಸ್ಟರ್ಸ್ ಡಯಾನಾಳ ಹುಟ್ಟುಹಬ್ಬಕ್ಕೆ, ಇನ್ನು 400 ನವೆಂಬರ್ 27ರ ಆಂಟಿನೂಸನ ಹುಟ್ಟುಹಬ್ಬಕ್ಕೆ. ಅವನ ಜನ್ಮದಿನ ನಮಗೆ ಗೊತ್ತಾದದ್ದು ಹೀಗೆ.

ಈ ಜನರಿಗೆ ಚಕ್ರವರ್ತಿಯಿಂದ ಕಾಲುವೆಯೂ ಬೇಕಿರಲಿಲ್ಲ, ನಗರಕ್ಕೆ ಬಿರುದೂ ಬೇಕಿರಲಿಲ್ಲ. ತಮ್ಮ ಹೆಣ ಅನಾಥವಾಗಿ ಬೀಳಬಾರದು ಎಂಬುದಷ್ಟೇ ಅವರ ಆತಂಕ. ಸಂಘ ಹುಟ್ಟಿದಾಗ ಆಂಟಿನೂಸ್ ಸತ್ತು ಮೂರು ವರ್ಷ ಕೂಡ ಆಗಿರಲಿಲ್ಲ. ಪೋಷಕನ ಓಲೈಕೆಯೂ ಇದರಲ್ಲಿ ಇದ್ದೀತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ದೂರದ ಊರಿಂದ ಬಂದು, ಪರದೇಶದಲ್ಲಿ ಸತ್ತು, ಸಾವನ್ನು ಗೆದ್ದನೆಂದು ಪ್ರಸಿದ್ಧನಾದ ಹುಡುಗನಲ್ಲಿ ಒಬ್ಬ ಗುಲಾಮ ತನ್ನ ಭರವಸೆಯನ್ನಿಡುವುದು ನನಗೆ ಸಹಜವಾಗಿಯೇ ಕಾಣುತ್ತದೆ. ರೋಮನ್ನರ ದೇವರಾಜ ಜೂಪಿಟರ್ ಎಂದೂ ಸತ್ತವನಲ್ಲ. ಸಾವೆಂದರೇನು ಎಂದು ಬಲ್ಲ ದೇವರು ಇವನು.

ಹೇಡ್ರಿಯನ್ ನಂತರ

138ರಲ್ಲಿ ಹೇಡ್ರಿಯನ್ ತೀರಿಕೊಂಡ. ಅವನ ನಂತರ ಪಟ್ಟಕ್ಕೆ ಬಂದವನು ಆಂಟೊನೈನಸ್ ಪಯಸ್. ಹೆಸರು ಹತ್ತಿರವಿದ್ದರೂ ಅವನಿಗೂ ಆಂಟಿನೂಸ್‌ಗೂ ಸಂಬಂಧವಿಲ್ಲ. ಪೂಜೆ ಬರೀ ಮುಖಸ್ತುತಿಯಾಗಿದ್ದರೆ ಇಲ್ಲಿಗೆ ನಿಲ್ಲಬೇಕಿತ್ತು. ಎಷ್ಟೋ ಊರುಗಳಲ್ಲಿ ನಿಂತಿರಲೂಬಹುದು. ಆದರೆ ಈಜಿಪ್ಟಿನಲ್ಲಿ ಅವನ ಹೆಸರಿನ ಕ್ರೀಡೋತ್ಸವ ಮೂರನೆಯ ಶತಮಾನದಲ್ಲೂ ನಡೆಯುತ್ತಿತ್ತು.

ಪೂಜೆ ಜೀವಂತವಾಗಿತ್ತೆಂಬುದಕ್ಕೆ ದೊಡ್ಡ ಸಾಕ್ಷಿ ಅದರ ವಿರೋಧಿಗಳು. ಜಸ್ಟಿನ್, ಅಲೆಕ್ಸಾಂಡ್ರಿಯಾದ ಕ್ಲೆಮೆಂಟ್, ಓರಿಜೆನ್, ಅಥನೇಶಿಯಸ್ ಹೀಗೆ ಎರಡನೆಯ ಶತಮಾನದಿಂದ ನಾಲ್ಕನೆಯ ಶತಮಾನದವರೆಗೆ ಕ್ರೈಸ್ತ ಲೇಖಕರು ಆಂಟಿನೂಸನ ಮೇಲೆ ಬಿಡದೆ ಹರಿಹಾಯ್ದರು. ಅವರಿಗೆ ಇದು ಸೂಕ್ಷ್ಮ ವಿಷಯವಾಗಲು ಕಾರಣವಿತ್ತು. ಎರಡನೆಯ ಶತಮಾನದ ಸೆಲ್ಸಸ್ ಎಂಬ ವಿಚಾರವಾದಿ, ಕ್ರೈಸ್ತರು ಯೇಸುವಿಗೆ ಕೊಡುವ ಗೌರವಕ್ಕೂ ಹೇಡ್ರಿಯನ್‌ನ ಪ್ರಿಯನಿಗೆ ಜನ ಕೊಡುವ ಗೌರವಕ್ಕೂ ವ್ಯತ್ಯಾಸವಿಲ್ಲ ಎಂದಿದ್ದ. ಪ್ರಾಂತದ ಸಾಮಾನ್ಯ ಕುಟುಂಬದವನೊಬ್ಬ ಎಳೆ ವಯಸ್ಸಿನಲ್ಲಿ ಸತ್ತು, ಎದ್ದು, ರೋಗ ಗುಣಪಡಿಸುತ್ತಾನೆ ಎಂಬ ಹೋಲಿಕೆ ಹೊರಗಿನವರ ಕಣ್ಣಿಗೆ ಎದ್ದು ಕಾಣುತ್ತಿತ್ತು. 248ರ ಸುಮಾರಿಗೆ ಓರಿಜೆನ್ ಇದಕ್ಕೆ ಉತ್ತರ ಬರೆಯುವಾಗ ಆಂಟಿನೂಪೊಲಿಸ್‌ನ ಪವಾಡಗಳು ನಡೆಯುವುದೇ ಇಲ್ಲ ಎಂದು ವಾದಿಸುವುದಿಲ್ಲ, ಅವು ಮಾಟಗಾರರ ಮತ್ತು ಭೂತಗಳ ಕೈವಾಡ ಎನ್ನುತ್ತಾನೆ. ಸೆಲ್ಸಸ್‌ನ ಮಾತಿಗೆ ಎಪ್ಪತ್ತು ವರ್ಷಗಳ ಮೇಲೆ ಇಷ್ಟು ಶ್ರಮಪಟ್ಟು ಉತ್ತರಿಸಬೇಕಾಯಿತೆಂದರೆ ಅಲ್ಲಿಗೆ ಜನ ಇನ್ನೂ ಹೋಗುತ್ತಿದ್ದರು ಎಂದರ್ಥ. ನಾಲ್ಕನೆಯ ಶತಮಾನದ ಕೊನೆಗೆ ಸಾಮ್ರಾಜ್ಯವೇ ಹಳೆಯ ದೇವರುಗಳ ಪೂಜೆಯನ್ನು ನಿಷೇಧಿಸಿದಾಗ ಇವನ ಗುಡಿಗಳ ಕಾಲವೂ ಮುಗಿಯಿತು. ಆಂಟಿನೂಪೊಲಿಸ್ ಕ್ರೈಸ್ತ ಬಿಷಪ್ಪರ ಪೀಠವಾಗಿ ಮುಂದುವರಿಯಿತು.

ಉಳಿದಿರುವುದು

ಆಕಾಶದಲ್ಲೂ ಅವನಿಗೆ ಜಾಗವಿತ್ತು. ಹೊಸ ನಕ್ಷತ್ರವೊಂದು ಆಂಟಿನೂಸನ ಆತ್ಮದಿಂದ ಹುಟ್ಟಿತೆಂದು ಹೇಡ್ರಿಯನ್ ನಂಬಿದ್ದನೆಂದು ಡಿಯೊ ಹೇಳುತ್ತಾನೆ. ಸುಮಾರು 150ರಲ್ಲಿ ಅಲೆಕ್ಸಾಂಡ್ರಿಯಾದ ಖಗೋಳಜ್ಞ ಟಾಲೆಮಿ ತನ್ನ ಪಟ್ಟಿಯಲ್ಲಿ ಗರುಡ ನಕ್ಷತ್ರಪುಂಜದ ಕೆಳಗಿನ ಆರು ನಕ್ಷತ್ರಗಳನ್ನು ಆಂಟಿನೂಸನ ಹೆಸರಿನಲ್ಲಿ ಗುರುತಿಸಿದ. ಹದಿನಾರನೆಯ ಶತಮಾನದಿಂದ ಯುರೋಪಿನ ನಕ್ಷೆಗಳಲ್ಲಿ ಅದು ಪ್ರತ್ಯೇಕ ಪುಂಜವಾಗಿಯೇ ಕಾಣಿಸಿತು, ಟೈಕೊ ಬ್ರಾಹೆ ಕೂಡ ಹಾಗೇ ಪರಿಗಣಿಸಿದ. 1784ರಲ್ಲಿ ಎಡ್ವರ್ಡ್ ಪಿಗಾಟ್ ಅದರೊಳಗಿನ ಒಂದು ನಕ್ಷತ್ರ ಏಳು ದಿನಗಳಿಗೊಮ್ಮೆ ಮಂಕಾಗಿ ಮತ್ತೆ ಹೊಳೆಯುವುದನ್ನು ಪತ್ತೆಹಚ್ಚಿದಾಗ ಅದರ ಹೆಸರು 'ಈಟಾ ಆಂಟಿನೋಯಿ' ಎಂದಿತ್ತು. 1922ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 88 ಪುಂಜಗಳ ಪಟ್ಟಿಯನ್ನು ಅಖೈರು ಮಾಡಿದಾಗ ಆಂಟಿನೂಸ್ ಅದರಲ್ಲಿರಲಿಲ್ಲ. ಆ ನಕ್ಷತ್ರಗಳು ಗರುಡಕ್ಕೆ ಸೇರಿದವು. ನೋಡಬೇಕೆನ್ನುವವರು ಸೆಪ್ಟೆಂಬರ್ ಸಂಜೆಗಳಲ್ಲಿ ಮೊದಲು ಶ್ರವಣ ನಕ್ಷತ್ರವನ್ನು ಗುರುತಿಸಿಕೊಂಡು ಅದರ ದಕ್ಷಿಣಕ್ಕೆ ಕಣ್ಣು ಹಾಯಿಸಬೇಕು.

ಶಿಲ್ಪಗಳು ಇಷ್ಟೊಂದು ಉಳಿದಿದ್ದರೂ ಹೆಸರು ಕೆತ್ತಿರುವಂಥವು ತೀರಾ ಅಪರೂಪ. ನಾಣ್ಯಗಳ ಮುಖದೊಂದಿಗೆ ಹೋಲಿಸಿ, ದಪ್ಪ ಗುಂಗುರು ಕೂದಲು, ಬಾಗಿದ ಕತ್ತು, ಅಗಲ ಎದೆ ನೋಡಿ ಗುರುತಿಸುತ್ತಾರೆ. ಮೂಲ ಮಾದರಿಯೊಂದನ್ನು ನೋಡಿ ಸಾಮ್ರಾಜ್ಯದುದ್ದಕ್ಕೂ ಶಿಲ್ಪಿಗಳು ನಕಲು ಮಾಡುತ್ತಿದ್ದುದರಿಂದ ಹಣೆಯ ಮೇಲಿನ ಸುರುಳಿಗಳ ಜೋಡಣೆ ಒಂದೇ ತೆರನಾಗಿದೆ. ಡೆಲ್ಫಿಯಲ್ಲಿ 1894ರಲ್ಲಿ ಸಿಕ್ಕ ನಿಂತ ಪ್ರತಿಮೆ, ವ್ಯಾಟಿಕನ್‌ನ ಬೃಹತ್ ಬ್ರಾಸ್ಕಿ ಆಂಟಿನೂಸ್, ಲೂವ್ರ್‌ನಲ್ಲಿರುವ ಮೊಂಡ್ರಗೋನೆ ಶಿರ ಹೆಸರಾದವು. ಶಿಕಾಗೋದ ಕಲಾ ಸಂಗ್ರಹಾಲಯದಲ್ಲಿದ್ದ ಒಂದು ಮುಖದ ತುಂಡು ರೋಮ್‌ನ ಅಲ್ಟೆಂಪ್ಸ್ ಅರಮನೆಯಲ್ಲಿರುವ ಎದೆಪ್ರತಿಮೆಗೆ ಸೇರಿದ್ದೆಂದು ಈಜಿಪ್ಟ್ ತಜ್ಞರೊಬ್ಬರಿಗೆ ಅನುಮಾನ ಬಂದು, ಮೂರು ಆಯಾಮದ ಸ್ಕ್ಯಾನಿಂಗ್‌ನಿಂದ ಅದು ಖಚಿತವಾಗಿ, 2016ರಲ್ಲಿ ಎರಡೂ ತುಂಡುಗಳನ್ನು ಒಟ್ಟಿಗೆ ಪ್ರದರ್ಶಿಸಲಾಯಿತು.

ಅವನ ನಗರಕ್ಕೆ ಆ ಅದೃಷ್ಟವಿರಲಿಲ್ಲ. ನೆಪೋಲಿಯನ್ ಜೊತೆ ಬಂದ ಫ್ರೆಂಚ್ ವಿದ್ವಾಂಸರು 1800ರ ಹೊತ್ತಿಗೆ ಆಂಟಿನೂಪೊಲಿಸ್‌ನ ಕಂಬಸಾಲಿನ ಬೀದಿಗಳು, ರಂಗಮಂದಿರದ ದ್ವಾರ, ವಿಜಯ ಕಮಾನುಗಳ ಚಿತ್ರ ಬರೆದುಕೊಂಡಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಕಲ್ಲುಗಳು ಕಾರ್ಖಾನೆ ಕಟ್ಟಲು, ಸುಣ್ಣ ಸುಡಲು ಹೋದವು. ಈಗ ಅಲ್ಲಿರುವುದು ಶೇಖ್ ಇಬಾದಾ ಎಂಬ ಹಳ್ಳಿ. ಅಲ್ಲಿನ ಸಮಾಧಿಗಳಲ್ಲಿ ಸಿಕ್ಕ, ಮರದ ಹಲಗೆಯ ಮೇಲೆ ಬಿಡಿಸಿದ ಸುಂದರ ಮುಖಚಿತ್ರಗಳು ಜಗತ್ತಿನ ಹಲವು ವಸ್ತುಸಂಗ್ರಹಾಲಯಗಳಲ್ಲಿವೆ.

ಆಂಟಿನೂಸನ ದೇಹ ಎಲ್ಲಿದೆ? ಇದಕ್ಕೆ ಉತ್ತರ ಹುಡುಕುವವರು ಹಿಡಿದುಕೊಳ್ಳುವ ಆಧಾರ ರೋಮ್‌ನ ಪಿಂಚೊ ಗುಡ್ಡದ ಮೇಲಿರುವ ಕೆಂಪು ಗ್ರಾನೈಟ್ ಸ್ತಂಭ. ಹೇಡ್ರಿಯನ್ ಮಾಡಿಸಿದ ಈ ಸ್ತಂಭದ ನಾಲ್ಕೂ ಮುಖಗಳಲ್ಲಿ ಈಜಿಪ್ಟಿನ ಚಿತ್ರಲಿಪಿಯ ಬರಹವಿದೆ. ಹಲವು ಕಡೆ ಅಲೆದು ಅದು 1822ರಲ್ಲಿ ಈಗಿನ ಜಾಗದಲ್ಲಿ ನಿಂತಿತು. ಫ್ರೆಂಚ್ ವಿದ್ವಾಂಸ ಶಾಂಪೋಲಿಯನ್ ಚಿತ್ರಲಿಪಿಯ ಗುಟ್ಟು ಬಿಡಿಸಿದ್ದೂ ಅದೇ ವರ್ಷ. ಅಲ್ಲಿಯವರೆಗೆ ಅದನ್ನು ಓದಬಲ್ಲವರೇ ಇರಲಿಲ್ಲ. ದೇವನಾದ ಆಂಟಿನೂಸ್ ಭಕ್ತರ ಮೊರೆ ಕೇಳುತ್ತಾನೆ, ಕನಸಿನಲ್ಲಿ ಬಂದು ರೋಗಿಗಳನ್ನು ಗುಣಪಡಿಸುತ್ತಾನೆ, ಅವನ ಹೆಸರಿನಲ್ಲಿ ನಗರ ಕಟ್ಟಲಾಗಿದೆ ಎಂದೆಲ್ಲ ಅದು ಹೇಳುತ್ತದೆ. ಅವನು ಎಲ್ಲಿ ವಿಶ್ರಮಿಸುತ್ತಿದ್ದಾನೆ ಎಂದು ಹೇಳುವ ಸಾಲೂ ಇದೆ, ಆದರೆ ಅದು ಸವೆದಿದೆ. ಕೆಲವರು ಅದನ್ನು ರೋಮ್‌ಗೆ ಸಂಬಂಧಿಸಿದ ಜಾಗ ಎಂದು ಓದುತ್ತಾರೆ, ಇನ್ನು ಕೆಲವರು ಆಂಟಿನೂಪೊಲಿಸ್ ಎನ್ನುತ್ತಾರೆ. ರೋಮ್ ಬಳಿಯ ಟಿವೊಲಿಯಲ್ಲಿ ಹೇಡ್ರಿಯನ್‌ನ ಅರಮನೆಯ ಪ್ರವೇಶದಾರಿಯ ಪಕ್ಕ 1998ರಿಂದ ನಡೆದ ಉತ್ಖನನದಲ್ಲಿ ಎರಡು ಗುಡಿಗಳ ತಳಪಾಯ, ಅರ್ಧಚಂದ್ರಾಕಾರದ ಕಟ್ಟಡ, ಈಜಿಪ್ಟ್ ಶೈಲಿಯ ಶಿಲ್ಪಗಳ ಚೂರುಗಳು ಸಿಕ್ಕಿವೆ. ಸ್ತಂಭ ಮೊದಲು ನಿಂತಿದ್ದು ಇಲ್ಲೇ, ಸಮಾಧಿಯೂ ಇಲ್ಲೇ ಎಂದು ಅಗೆದವರ ವಾದ. ಇದು ಸ್ಮಾರಕ ಮಾತ್ರ, ದೇಹ ನೈಲ್ ದಂಡೆಯನ್ನು ಬಿಟ್ಟು ಕದಲಿಲ್ಲ ಎಂಬುದು ಒಪ್ಪದವರ ಉತ್ತರ.